ಹುಣಸೆ ಹುಳಿಯಲ್ಲಿ ತಿಕ್ಕಿದ ಕೋವಿ

ಮೊನ್ನೆ ದೇವರ ದೀಪ ತಿಕ್ಕಲು ಕುಳಿತಿದ್ದೆ. ಒಂದು ಕೈಯಲ್ಲಿ ಹುಣಸೆ ಹುಳಿಯ ಉಂಡೆ, ಇನ್ನೊಂದರಲ್ಲಿ ತೆಂಗಿನ ನಾರು, ಎದುರಿಗೆ ಬೂದಿಯ ತಟ್ಟೆ. ಹಿತ್ತಾಳೆ ತೊಳೆಯಲೆಂದೇ ಈಗ ಅಂಗಡಿಯಲ್ಲಿ ಬಗೆಬಗೆಯ ಪುಡಿ, ನೀರು ಸಿಗುತ್ತದೆ. ಸೊಸೆ ತಂದು ಇಟ್ಟೂ ಇದ್ದಾಳೆ. ಆದರೆ ಬೆರಳ ಸಂದಿಯಿಂದ ಹುಳಿ ಹಿಚುಕಿ ಹೊರಗೆ ಬರದೆ ಹೋದರೆ ನನಗೆ ದೀಪ ತಿಕ್ಕಿದ ಹಾಗೇ ಅನ್ನಿಸುವುದಿಲ್ಲ. ತಿಕ್ಕುತ್ತಾ ಹೋದಂತೆ ದೀಪದ ಕಂಬ ಹೊಳೆಯತೊಡಗಿತು, ನನ್ನ ಕೈ ತಾನಾಗಿ ನಿಂತಿತು. ಇತ್ತೀಚೆಗೆ ಹೀಗಾಗುತ್ತದೆ. ಉದ್ದಕ್ಕೆ ಹೊಳೆಯುವ ಯಾವ ಲೋಹ ಕಂಡರೂ ನನಗೆ ಅಮ್ಮನ ಅಣ್ಣ ಶೀನ ಮಾವನ ಕೋವಿ ನೆನಪಾಗುತ್ತದೆ.

ದೀಪ ಕಂಡರೆ ದೇವರು ನೆನಪಾಗಬೇಕಾದ ವಯಸ್ಸು ನನ್ನದು. ಕೋವಿ ನೆನಪಾಗುತ್ತದೆ ಎಂದರೆ ನೀವು ನನ್ನನ್ನು ದೊಡ್ಡ ಧೈರ್ಯಗಾರ್ತಿ ಎಂದುಕೊಂಡೀರಿ. ಹಾಗೇನೂ ಇಲ್ಲ. ತ್ರಾಸಿಯಲ್ಲಿ ಹೆದ್ದಾರಿ ಬದಿಗೆ ಗಂಡನ ಜೊತೆ ಹೋಟೆಲು ನಡೆಸಿಕೊಂಡು ಬಂದವಳು ನಾನು. ಇಷ್ಟು ವರ್ಷವಾದರೂ ಕುಕ್ಕರು ಸೀಟಿ ಹೊಡೆದರೆ ಒಂದು ಹೆಜ್ಜೆ ಹಿಂದಕ್ಕೆ ಸರಿಯುತ್ತೇನೆ. ದೀಪಾವಳಿಯಲ್ಲಿ ಮಕ್ಕಳು ಪಟಾಕಿ ಹಚ್ಚುವಾಗ ನಾನು ಒಳಗೆ ಏನೋ ಕೆಲಸವಿದೆ ಎಂದು ಮಾಯವಾಗುವುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು.

ಅಂಥವಳಿಗೂ ಕೋವಿಗೂ ನಂಟು ಬಂದದ್ದು ನಮ್ಮ ಅಳಿಯಕಟ್ಟಿನಿಂದ. ನಮ್ಮ ಕಡೆ ಮನೆತನ ತಾಯಿಯ ದಾರಿಯಲ್ಲಿ ಸಾಗುತ್ತದೆ. ಯಡ್ತರೆಯಲ್ಲಿರುವ ನನ್ನ ತಾಯಿಮನೆಯ ಕೋವಿಯೂ ಹಾಗೇ, ಮಾವನಿಂದ ಅಳಿಯನಿಗೆ, ಎಂದರೆ ತಂಗಿಯ ಮಗನಿಗೆ, ಬರುವಂಥದ್ದು. ಶೀನ ಮಾವನಿಗೆ ಅದು ಅವರ ಸೋದರಮಾವನಿಂದ ಬಂದಿತ್ತು. ಶೀನ ಮಾವನಿಗೆ ಒಬ್ಬಳೇ ತಂಗಿ, ನನ್ನ ಅಮ್ಮ. ಅಮ್ಮನಿಗೆ ನಾನೊಬ್ಬಳೇ. ಹೀಗೆ ಒಬ್ಬ ಗಟ್ಟಿಮುಟ್ಟಾದ ಅಳಿಯ ನಿಂತಿರಬೇಕಾದ ಜಾಗದಲ್ಲಿ ಕುಕ್ಕರಿಗೆ ಹೆದರುವ ನಾನು ನಿಂತಿದ್ದೆ. ಮಾವನ ಸ್ವಂತ ಮಗ ಪುಣೆಯಲ್ಲಿ ಹೋಟೆಲು ಇಟ್ಟುಕೊಂಡು ಸುಖವಾಗಿದ್ದಾನೆ. ಅವನಿಗೆ ಕೋವಿ ಬೇಡ, ಅವನಿಗೆ ಕೊಡಲು ಮಾವನಿಗೂ ಮನಸ್ಸಿಲ್ಲ. ಮನೆಯ ಕೋವಿ ಮನೆಯ ಹೆಣ್ಣಿನ ಕಡೆಗೇ ಹೋಗಬೇಕು ಎಂಬುದು ಅವರ ಹಟ.

ನಾನು ಚಿಕ್ಕವಳಿದ್ದಾಗ ಆಯುಧಪೂಜೆಗೆ ಎಲ್ಲರೂ ಯಡ್ತರೆಯಲ್ಲಿ ಸೇರುತ್ತಿದ್ದೆವು. ಹಿಂದಿನ ದಿನ ಬಾವಿಕಟ್ಟೆಯ ಹತ್ತಿರ ಅಮ್ಮಮ್ಮ, ಎಂದರೆ ನನ್ನ ತಾಯಿಯ ತಾಯಿ, ಒಂದು ದೊಡ್ಡ ಕೆಲಸಕ್ಕೆ ಕೂರುತ್ತಿದ್ದರು. ದೀಪಗಳು, ಹರಿವಾಣ, ಗಿಂಡಿ, ಮೆಟ್ಟುಕತ್ತಿ, ಹಾರೆ, ಇವೆಲ್ಲದರ ನಡುವೆ ಕೋವಿ. ಅಮ್ಮಮ್ಮನ ಲೆಕ್ಕದಲ್ಲಿ ಪೂಜೆಗೆ ಇಡುವ ಲೋಹವೆಲ್ಲ ಒಂದೇ ಜಾತಿ. ದೀಪಕ್ಕೆ ಹಾಕಿದ ಹುಳಿಯನ್ನೇ ಕೋವಿಗೂ ಹಾಕುತ್ತಿದ್ದರು. ಸೆರಗು ಸಿಕ್ಕಿಸಿಕೊಂಡು, ಕೋವಿಯ ಜೋಡಿ ನಳಿಗೆಯನ್ನು ಎರಡೂ ಮೊಣಕಾಲಿನ ನಡುವೆ ಹಿಡಿದು, ಎಮ್ಮೆಯ ಮೈ ತಿಕ್ಕುವವರ ಹಾಗೆ ತಿಕ್ಕುತ್ತಿದ್ದರು. ತೊಳೆದು, ಬಿಸಿಲಿಗೆ ಒಣಗಿಸಿ, ತೆಂಗಿನೆಣ್ಣೆ ಸವರಿದರೆ ಅದು ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಊರಲ್ಲಿ ಬೇರೆಯವರ ಕೋವಿಗಳು ಕಪ್ಪಾಗಿ, ಕಂದಾಗಿ ಇದ್ದವು. ನಮ್ಮದು ಮಾತ್ರ ಹೊಳೆಯುತ್ತದೆ ಎಂದು ನಮಗೆಲ್ಲ ಜಂಬ.

ಅಮ್ಮಮ್ಮನಿಗೆ ಒಂದೇ ಒಂದು ಕೊರಗಿತ್ತು. ನಳಿಗೆಯ ಮೈಮೇಲೆ ಅಲೆಅಲೆಯಾಗಿ ಸಣ್ಣ ಗೆರೆಗಳು. ಎಷ್ಟು ತಿಕ್ಕಿದರೂ ಹೋಗವು.

"ಈ ಕಿಲುಬ್ ಕಾಣ್ ಮಗಾ. ನಾನ್ ಸಣ್ಣದಿಪ್ಪತಿಗಿಂದ ತಿಕ್ತಾ ಇದ್ದೆ. ತಿಕ್ದಷ್ಟೂ ಮೇಲ್ ಬತ್ತ್, ಹೋತಿಲ್ಲೆ," ಎನ್ನುತ್ತಿದ್ದರು.

ಮರುವರ್ಷ ಇನ್ನೂ ಸ್ವಲ್ಪ ಹೆಚ್ಚು ಹುಳಿ. ಗೆರೆಗಳು ಇನ್ನೂ ಸ್ವಲ್ಪ ಸ್ಪಷ್ಟ. ಅಮ್ಮಮ್ಮನ ನಂತರ ಈ ಕೆಲಸ ನನ್ನ ಅಮ್ಮನಿಗೆ, ಆಮೇಲೆ ಶೀನ ಮಾವನ ಹೆಂಡತಿಗೆ, ಎಂದರೆ ನಮ್ಮ ಅತ್ತೆಗೆ ಬಂತು. ಕೋವಿ ಮಾವನಿಂದ ಅಳಿಯನಿಗೆ ದಾಟಿದ ಹಾಗೆ ಆ ಕಿಲುಬಿನ ಮೇಲಿನ ಸಿಟ್ಟು ಹೆಂಗಸರಿಂದ ಹೆಂಗಸರಿಗೆ ದಾಟಿತು.

ಕೋವಿ ಎಂದರೆ ನನಗೆ ಇನ್ನೊಂದು ನೆನಪು, ಊಟದ್ದು. ಭತ್ತದ ಗದ್ದೆಗೆ ಗುಡ್ಡದ ಕಡೆಯಿಂದ ಹಂದಿಗಳು ಇಳಿಯುತ್ತಿದ್ದವು. ಬೆಳೆ ಕಾಯಲೆಂದೇ ಮಾವನಿಗೆ ಲೈಸೆನ್ಸು. ಸಂಜೆ ಗದ್ದೆಯಂಚಿಗೆ ಹೋಗಿ ಆಕಾಶಕ್ಕೆ ಒಂದು ಈಡು ಹೊಡೆಯುತ್ತಿದ್ದರು. ಹಂದಿಗಳು ಓಡುತ್ತಿದ್ದವು, ನಾನು ಅಮ್ಮಮ್ಮನ ಸೆರಗಿನೊಳಗೆ ಓಡುತ್ತಿದ್ದೆ. ಆಮೇಲೆ ಮಾವ ಕೋವಿಯನ್ನು ನಡುವಿನ ಕೀಲಿನಲ್ಲಿ ಮುರಿದು, ಎಂದರೆ ಬಾಗಿಸಿ ತೆರೆದು, ಸುಟ್ಟ ತೋಟೆಯ ಚಿಪ್ಪು ತೆಗೆದು, ಖಾಲಿ ನಳಿಗೆಯ ಹಿಂಬದಿಗೆ ಬಾಯಿಟ್ಟು ಊದುತ್ತಿದ್ದರು. ಭೂಂ ಎಂದು ಶಂಖಕ್ಕಿಂತ ದಪ್ಪ ದನಿ ಗದ್ದೆ ದಾಟಿ ಮನೆಗೆ ಬರುತ್ತಿತ್ತು. ಕೆಲಸ ಮುಗಿಯಿತು, ಬರುತ್ತಿದ್ದೇನೆ ಎಂದು ಅದರ ಅರ್ಥ. ಆ ದನಿ ಕೇಳಿದ ಮೇಲೆಯೇ ಒಳಗೆ ಬಾಳೆಲೆ ಹಾಸಿ, ಊಟಕ್ಕೆ ರಾಗವಾಗಿ ಕೂಗುತ್ತಿದ್ದರು. ಈಡಿನ ಸದ್ದಿಗೆ ನಡುಗುವ ನನಗೆ ಈ ಸದ್ದು ಬಹಳ ಇಷ್ಟವಾಗಿತ್ತು. ಅದರ ಬೆನ್ನಿಗೇ ಕುಚ್ಚಲಕ್ಕಿ ಅನ್ನ, ಮೀನಿನ ಸಾರು ಬರುತ್ತಿತ್ತಲ್ಲ.

ಈಗ ಮಾವನಿಗೆ ಎಂಬತ್ತು ದಾಟಿದೆ. ಬಲಗಿವಿ ಹೆಚ್ಚುಕಡಿಮೆ ಮುಚ್ಚಿಹೋಗಿದೆ, ಕೈ ನಡುಗುತ್ತದೆ. ಇನ್ನು ಈ ಲೈಸೆನ್ಸು ಮುಂದುವರಿಯುವುದು ಕಷ್ಟ, ಬದುಕಿರುವಾಗಲೇ ಮನೆಯವರ ಹೆಸರಿಗೆ ಮಾಡಿಸಿಬಿಡಿ, ಇಲ್ಲವಾದರೆ ಕೋವಿ ತಂದು ಒಪ್ಪಿಸಿ ಎಂದು ಠಾಣೆಯಲ್ಲಿ ಹೇಳಿದರು. ಒಪ್ಪಿಸಿದ ಕೋವಿಗಳನ್ನು ಕೊನೆಗೆ ತುಂಡು ಮಾಡುತ್ತಾರೆ ಎಂದು ಮಾವ ಎಲ್ಲಿಂದಲೋ ಕೇಳಿಕೊಂಡು ಬಂದಿದ್ದರು. ಆ ವಾರವೆಲ್ಲ ಅವರು ಸರಿಯಾಗಿ ಉಣ್ಣಲಿಲ್ಲ ಎಂದು ಅತ್ತೆ ನನಗೆ ಫೋನು ಮಾಡಿದರು. ಮರುದಿನ ಮಾವನೇ ತ್ರಾಸಿಗೆ ಬಂದು ನಮ್ಮ ಹೋಟೆಲಿನ ಬೆಂಚಿನ ಮೇಲೆ ಕುಳಿತರು.

"ವನಜಾ, ಕೋವಿ ನಿನ್ನ್ ಹೆಸ್ರಿಗ್ ಮಾಡ್ತೆ. ಆದ್ರೆ ಕಾಗ್ದ ಕೊಟ್ರ್ ಕೊಟ್ಟಾಂಗ್ ಆತಿಲ್ಲೆ. ನನ್ನ್ ಮಾವ ಕೊಡುವತಿಗೆ ಗದ್ದೆಲಿ ನಿಂತ್ಕಂಡ್ ನಾನೊಂದ್ ಈಡ್ ಹೊಡ್ದಿದ್ದೆ. ನೀನೂ ಹೊಡಿಕ್. ಈಡ್ ಕೇಂಡ್ ಮೇಲೆಯೇ ಕೋವಿ ದಾಂಟುದ್."

"ಮಾವ, ನಂಗೆ ಪಟಾಕಿಗೇ ಹೆದ್ರಿಕೆ."

"ಹೆದ್ರಿಕೆ ಇಪ್ಪೋರೇ ಕೋವಿ ಇಟ್ಕಣ್ಕ್. ಇಲ್ದಿದ್ದೋರ್ ಇಟ್ಕಂಡ್ರೆ ಊರಿಗ್ ಕಷ್ಟ," ಎಂದು ಚಹಾ ಕುಡಿದು ಎದ್ದರು.

ಲೈಸೆನ್ಸಿಗೆ ತರಬೇತಿಯ ಸರ್ಟಿಫಿಕೇಟು ಬೇಕಿತ್ತು. ಪೊಲೀಸರು ನಡೆಸುವ ಬಂದೂಕು ತರಬೇತಿಗೆ ಹೆಸರು ಕೊಟ್ಟೆ. ಅಲ್ಲಿ ನನ್ನ ಮಕ್ಕಳ ವಯಸ್ಸಿನ ಹುಡುಗರ ಸಾಲಿನಲ್ಲಿ ಸೀರೆಯ ಮೇಲೆ ಬೂಟು ಹಾಕಿಕೊಂಡು ನಿಂತೆ. ಮೊದಲ ಗುಂಡಿಗೆ ನಾನು ಕಣ್ಣು ಮುಚ್ಚಿದ್ದು ಕಂಡು ಕಲಿಸುವವರು, "ಅಮ್ಮಾ, ಗುರಿ ಕಾಣಬೇಕಾದದ್ದು ನೀವು, ದೇವರಲ್ಲ," ಎಂದರು. ಅಂತೂ ಸರ್ಟಿಫಿಕೇಟು ಸಿಕ್ಕಿತು. ನನ್ನ ಗಂಡ ಅದನ್ನು ಹೋಟೆಲಿನಲ್ಲಿ ದೇವರ ಪಟದ ಪಕ್ಕ ತೂಗುಹಾಕೋಣ ಎಂದು ಇವತ್ತಿಗೂ ಹಂಗಿಸುತ್ತಾರೆ.

ಹೆಸರು ಬದಲಾಯಿಸುವ ಮೊದಲು ಕೋವಿ ಯಾವ ಕಾಲದ್ದು, ಏನು ಬೆಲೆಬಾಳುತ್ತದೆ ಎಂದು ತಿಳಿದವರಿಗೆ ಒಮ್ಮೆ ತೋರಿಸಿ ಎಂದು ಯಾರೋ ಬುದ್ಧಿ ಹೇಳಿದರು. ವಯಸ್ಸು ಪತ್ತೆಹಚ್ಚುವುದು ನಮಗೆ ಹೊಸದಲ್ಲ. ಎಮ್ಮೆಯ ವಯಸ್ಸು ಹಲ್ಲಿನಲ್ಲಿ, ಮೀನಿನ ವಯಸ್ಸು ಕಿವಿರಿನಲ್ಲಿ ಗೊತ್ತಾಗುತ್ತದೆ. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಸಾಕು. ಹೋಟೆಲಿನವಳಾದ ನನಗೆ ಬಾಣಲೆಯ ಎಣ್ಣೆ ಎಷ್ಟು ದಿನದ್ದು ಎಂದು ಬಾಗಿಲಲ್ಲೇ ಮೂಗು ಹೇಳುತ್ತದೆ. ಕೋವಿಗೆ ಹಲ್ಲಿಲ್ಲ, ಕಿವಿರಿಲ್ಲ. ಅದರ ವಿಷಯದಲ್ಲಿ ನಮ್ಮ ಮನೆಯಲ್ಲಿದ್ದದ್ದು ಬರೀ ಕಥೆ. ಅಜ್ಜನೊಬ್ಬ ಹುಲಿಯ ಬಾಯಿಂದ ಬಿಳಿಯ ದೊರೆಯೊಬ್ಬನನ್ನು ಬಿಡಿಸಿದ, ದೊರೆ ಖುಷಿಯಾಗಿ ಇಂಗ್ಲೆಂಡಿನ ಕೋವಿ ಕೊಟ್ಟ ಎಂಬುದು ಮಾವನ ಕಥೆ. ಅಮ್ಮ ಹೇಳುವಾಗ ಹುಲಿ ಚಿರತೆಯಾಗುತ್ತಿತ್ತು. ಅಪ್ಪಯ್ಯನಿಗೆ ಅಮ್ಮನ ಮನೆಯವರ ದೊಡ್ಡಸ್ತಿಕೆ ಅಷ್ಟು ಹಿಡಿಸುತ್ತಿರಲಿಲ್ಲವಾದ್ದರಿಂದ ಅವರು ಹೇಳುವಾಗ ಅದು ನಾಯಿಯಾಗುತ್ತಿತ್ತು.

ಬ್ರಹ್ಮಾವರದಲ್ಲಿ ಪೀಟರ್ ಪರ್ಬುಗಳು ಎಂಬವರಿದ್ದಾರೆ. ಮುಂಬಯಿಯ ಕೋವಿ ಅಂಗಡಿಯೊಂದರಲ್ಲಿ ದುಡಿದು, ಊರಿಗೆ ಬಂದು ಸ್ವಂತ ಅಂಗಡಿ ಇಟ್ಟವರು. ತನಗೆ ತಿಳಿದದ್ದು ಈ ಕರಾವಳಿಯಲ್ಲಿ ಬೇರೆ ಯಾರಿಗೂ ತಿಳಿಯದು ಎಂಬುದು ಅವರ ಮೊದಲ ಮಾತು. ಮಾವ ಲೈಸೆನ್ಸು ಜೇಬಿನಲ್ಲಿಟ್ಟು, ಕೋವಿಯನ್ನು ಹಳೆಯ ಪಂಚೆಯಲ್ಲಿ ಸುತ್ತಿ, ಯಡ್ತರೆಯಿಂದ ಬ್ರಹ್ಮಾವರದವರೆಗೂ ಕಾರಿನಲ್ಲಿ ನನ್ನ ಪಕ್ಕ ಕುಳಿತು ತೊಡೆಯ ಮೇಲೆ ಇಟ್ಟುಕೊಂಡು ಬಂದರು. ಪಂಚೆ ಬಿಚ್ಚಿದಾಗ ಪರ್ಬುಗಳು ಮಾತು ನಿಲ್ಲಿಸಿದರು. ಅವರು ಮಾತು ನಿಲ್ಲಿಸುವುದು ಅಪರೂಪವೆಂದು ಆಮೇಲೆ ತಿಳಿಯಿತು.

"ಶೆಟ್ರೇ, ಇದ್ನ ಎಂತದ್ರಲ್ಲಿ ತಿಕ್ಕುದು ನೀವು?"

"ಹುಣ್ಸಿಹುಳಿ. ಮತ್ತ್ ಬೂದಿ," ಎಂದರು ಮಾವ, ಹೆಮ್ಮೆಯಿಂದ. "ವರ್ಷಕ್ಕೊಂದ್ ಸಲ. ನನ್ನ್ ಅಮ್ಮನ್ ಕಾಲ್ದಿಂದ."

ಪರ್ಬುಗಳು ಕನ್ನಡಕ ತೆಗೆದು ಕಣ್ಣು ಮುಚ್ಚಿಕೊಂಡರು. "ಕೋವಿ ಹೋಗಿ ಕಾಲುದೀಪ ಮಾಡಿಟ್ಟಿದ್ರಲ್ಲ ಮಾರಾಯ್ರೆ," ಎಂದರು.

ಆಮೇಲೆ ಒಂದೊಂದೇ ತೋರಿಸಿದರು. ಹಳೆಯ ಕೋವಿಯ ಬೆಲೆ ಅದು ಹುಟ್ಟಿದಾಗ ಇದ್ದ ಹಾಗೆಯೇ ಎಷ್ಟು ಉಳಿದಿದೆ ಎನ್ನುವುದರ ಮೇಲೆ ನಿಂತಿರುತ್ತದಂತೆ. ಎರಡು ನಳಿಗೆಗಳ ನಡುವಿನ ಪಟ್ಟಿಯ ಮೇಲೆ ಮಾರಿದ ಅಂಗಡಿಯ ಹೆಸರು ಕೆತ್ತಿರುತ್ತಾರೆ. ನಮ್ಮದರಲ್ಲಿ ಆ ಜಾಗ ಅಮ್ಮಮ್ಮನ ಹುಳಿಗೆ ಸವೆದು ಬಾಂಬೆ ಎಂಬ ಹೆಸರಿನ ಅರ್ಧ ಅಕ್ಷರಗಳು ಮಾತ್ರ ಉಳಿದಿದ್ದವು. ನಳಿಗೆಗೆ ಇದ್ದಿರಬೇಕಾದ ಕಂದು ಬಣ್ಣ ಪೂರ್ತಿ ಹೋಗಿತ್ತು. ಹಿಡಿಯ ಮರದ ಮೇಲೆ ಕೈ ಜಾರದಿರಲೆಂದು ಕೊರೆದ ಗೆರೆಗಳು ಎಣ್ಣೆ ಕುಡಿದು ನುಣ್ಣಗಾಗಿದ್ದವು. ಹೊರಗೆ ಎದ್ದು ಕಾಣುವ ಎರಡು ಕುದುರೆಗಳು, ಎಂದರೆ ಬೆರಳಿನಿಂದ ಹಿಂದಕ್ಕೆಳೆದು ನಿಲ್ಲಿಸುವ ಕೊಕ್ಕಿನಂಥ ಕಬ್ಬಿಣಗಳು, ಚೆನ್ನಾಗಿದ್ದವು. ಕುದುರೆ ಹೊರಗಿದ್ದರೆ ಹಳೆಯದು, ಆಮೇಲಿನವರು ಅದನ್ನು ಒಳಗೆ ಅಡಗಿಸಿದರು ಎಂದರು ಪರ್ಬುಗಳು.

ನಂತರ ಅವರು ನಳಿಗೆಯ ಕೆಳಗಿನ ಮರದ ತುಂಡನ್ನು ಎಳೆದು ಕಳಚಿದರು, ನಳಿಗೆಗಳನ್ನು ಬಿಡಿಸಿ ಮಗುಚಿದರು. ಮಾವ ಕುರ್ಚಿಯಿಂದ ಅರ್ಧ ಎದ್ದರು. ನಮ್ಮ ಮನೆಯಲ್ಲಿ ಯಾರೂ ಅದನ್ನು ಹಾಗೆ ಕಳಚಿದ್ದಿಲ್ಲ. ಅದು ಕಳಚಿಕೊಳ್ಳುತ್ತದೆ ಎಂದೇ ಗೊತ್ತಿರಲಿಲ್ಲ. ಕೋವಿ ಮುಚ್ಚಿದಾಗ ಒಳಗೆ ಸೇರಿಹೋಗುವ ನಳಿಗೆಯ ಹೊಟ್ಟೆಯ ಕೆಳಗೆ ಹುಳಿ ಮುಟ್ಟದ ಒಂದು ಅಂಗೈಯಗಲದ ಜಾಗ ಉಳಿದಿತ್ತು. ಅಲ್ಲಿ ಕಂದು ಬಣ್ಣದ ನಡುವೆ ಸಣ್ಣ ಸಣ್ಣ ಮುದ್ರೆಗಳು, ಇವತ್ತು ಒತ್ತಿದ ಹಾಗೆ.

"ಕಾಣಿ. ಮೊಟ್ಟೆ ಆಕಾರದ ಗೆರೆ, ಅದ್ರೊಳಗೆ ಮೂರಕ್ಷರ. ಇದು ಬೆಲ್ಜಿಯಂ. ಇಂಗ್ಲೆಂಡ್ ಅಲ್ಲ. ಆಮೇಲಿನ ಕೋವಿಗೆ ಮೊಟ್ಟೆ ಮೇಲೊಂದು ಕಿರೀಟ ಇರ್ತದೆ. ಇದ್ಕೆ ಕಿರೀಟ ಬಂದಿಲ್ಲ. ನಿಮ್ಮ ಅಜ್ಜನ ಅಜ್ಜನ ಕಾಲದ್ದು ಶೆಟ್ರೇ, ನೂರು ದಾಟಿ ಎಷ್ಟೋ ವರ್ಷ ಆಯ್ತು."

ದೊರೆಯೂ ಹುಲಿಯೂ ಆ ಮೊಟ್ಟೆಯ ಎದುರು ನಿಲ್ಲಲಿಲ್ಲ. ಮಾವನ ಮುಖ ಸಣ್ಣದಾಯಿತು. ಬೆಲೆ ಎಂತ ಎಂದು ಮೆಲ್ಲಗೆ ಕೇಳಿದರು. ಕೊಳ್ಳುವವರ ಲೆಕ್ಕದಲ್ಲಿ ಏನೂ ಇಲ್ಲ ಎಂದರು ಪರ್ಬುಗಳು. ನಾನು, ಏನಾದರೂ ಹೇಳಬೇಕಲ್ಲ ಎಂದು, ಆ ಅಲೆಅಲೆ ಗೆರೆ ತೋರಿಸಿ ಅಮ್ಮಮ್ಮನ ಪರವಾಗಿ ಮಾತಾಡಿದೆ. "ಈ ಕಿಲುಬು ತೆಗೆಯಲಿಕ್ಕೆ ಅವರು ಅಷ್ಟು ತಿಕ್ಕಿದ್ದು."

ಪರ್ಬುಗಳು ನಳಿಗೆಯನ್ನು ಕಿಟಕಿಯ ಬೆಳಕಿಗೆ ಒಯ್ದು ನನ್ನನ್ನು ಹತ್ತಿರ ಕರೆದರು.

"ಅಮ್ಮಾ, ಇದು ಕಿಲುಬಲ್ಲ. ಇದೇ ಕೋವಿ."

ಆ ಮಾತು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಆ ಕಾಲದಲ್ಲಿ ನಳಿಗೆಯನ್ನು ಒಂದೇ ಉಕ್ಕಿನಲ್ಲಿ ಕೊರೆಯುತ್ತಿರಲಿಲ್ಲವಂತೆ. ಕಬ್ಬಿಣದ ಒಂದು ಪಟ್ಟಿ, ಉಕ್ಕಿನ ಒಂದು ಪಟ್ಟಿ ಹೀಗೆ ಒಂದರ ಮೇಲೊಂದು ಇಟ್ಟು ಕೆಂಪಗೆ ಕಾಯಿಸಿ, ನಾವು ತೆಂಗಿನ ನಾರಿನಲ್ಲಿ ಹಗ್ಗ ಹೊಸೆಯುವ ಹಾಗೆ ಹೊಸೆಯುತ್ತಿದ್ದರು. ಹೊಸೆದ ಸರಳುಗಳನ್ನು ಒಂದು ಕೋಲಿಗೆ ಬಳ್ಳಿಯ ಹಾಗೆ ಸುತ್ತಿ, ಮತ್ತೆ ಕಾಯಿಸಿ, ಸುತ್ತು ಸುತ್ತಿಗೂ ಸುತ್ತಿಗೆಯ ಏಟು ಕೊಟ್ಟು ಒಂದು ಮಾಡುತ್ತಿದ್ದರು. ಕೊನೆಗೆ ಹುಳಿಯಾದ ಯಾವುದೋ ದ್ರಾವಣದಲ್ಲಿ ಅದ್ದುವುದು. ಹುಳಿಗೆ ಕಬ್ಬಿಣ ಒಂದು ರೀತಿ ಮಣಿಯುತ್ತದೆ, ಉಕ್ಕು ಇನ್ನೊಂದು ರೀತಿ. ಆಗ ಹೊಸೆದ ನೂಲೆಲ್ಲ ಮೇಲೆ ಕಾಣುತ್ತದೆ. ತ್ರಾಸಿಯ ಕಡಲು ಇಳಿದು ಹೋದ ಮೇಲೆ ಮರಳಿನ ಮೇಲೆ ಉಳಿಯುತ್ತದಲ್ಲ, ಆ ಗೆರೆಗಳ ಹಾಗೆ. ಇಷ್ಟು ವರ್ಷ ದಿನಾ ಅದನ್ನು ಹೋಟೆಲಿನ ಎದುರು ನೋಡಿದವಳು ನಾನು, ಕೋವಿಯ ಮೇಲೆ ನೋಡಿ ಕಿಲುಬು ಎಂದುಕೊಂಡಿದ್ದೆ.

ಯಾವುದೋ ಚಳಿಯ ದೇಶದಲ್ಲಿ, ಹೆಸರು ಗೊತ್ತಿಲ್ಲದ ಯಾರೋ ಒಬ್ಬ ಬೆಂಕಿಯ ಎದುರು ಬೆವರು ಸುರಿಸಿ ಹೊಸೆದ ನೂಲು ಅದು. ಹಡಗು ಹತ್ತಿ ಬಾಂಬೆಗೆ, ಅಲ್ಲಿಂದ ಯಡ್ತರೆಯ ಬಾವಿಕಟ್ಟೆಗೆ ಬಂತು. ಅಲ್ಲಿ ಬೈಂದೂರಿನ ಆಚೆ ಹೆಚ್ಚು ದೂರ ಹೋಗದ ನಮ್ಮ ಅಮ್ಮಮ್ಮ, ಅಳಿಸಬೇಕೆಂದು ಹುಳಿ ಹಚ್ಚಿ ತಿಕ್ಕಿದರು. ಅಳಿಸಲು ಹೊರಟವರು ಅವನ ಕೆಲಸವನ್ನೇ ಮತ್ತೆ ಮತ್ತೆ ಬೆಳಕಿಗೆ ತಂದರು. ಇಬ್ಬರಿಗೂ ಒಬ್ಬರಿಗೊಬ್ಬರು ಗೊತ್ತಿಲ್ಲ. ಇಂಥದ್ದನ್ನು ಕಂಡಾಗ ಕೈಮುಗಿಯಬೇಕು ಅನ್ನಿಸುತ್ತದೆ, ಯಾರಿಗೆ ಎಂದು ಮಾತ್ರ ತಿಳಿಯುವುದಿಲ್ಲ.

"ಮುಂಬಯಿಲಿ ಎಷ್ಟೋ ಕಂಡಿದ್ದೆ. ಗೆರೆ ಇಷ್ಟು ಬಿಡ್ಸಿ ಕಂಡದ್ದು ಇಲ್ಲ," ಎಂದು ಪರ್ಬುಗಳು ಒಪ್ಪಿಕೊಂಡರು. ಅದನ್ನು ಹೇಳಲು ಅವರಿಗೆ ಕಷ್ಟವಾದ ಹಾಗಿತ್ತು. ಆಮೇಲೆ ದನಿ ಬದಲಾಯಿಸಿ ಮಾವನ ಕಡೆ ತಿರುಗಿದರು.

"ಇದ್ಕೆ ಯಾವ ತೋಟೆ ಹಾಕುದು?"

"ಅಂಗ್ಡಿಲಿ ಸಿಕ್ಕುದೇ."

"ಶೆಟ್ರೇ, ಇದು ಆ ಕಾಲದ ಕಪ್ಪು ಸಿಡಿಮದ್ದಿಗೆ ಮಾಡಿದ ನಳಿಗೆ. ಈಗಿನ ಮದ್ದಿನ ಜೋರು ಬೇರೆ. ಹೊಸೆದ ಸಂದು ಒಂದು ಕಡೆ ಬಿಟ್ರೆ ನಳಿಗೆ ಬಿರಿತದೆ. ಬಿರಿದ್ರೆ ಹೋಗುದು ನಳಿಗೆ ಅಡಿಲಿ ಹಿಡ್ಕೊಂಡ ಎಡಗೈ. ಇನ್ನು ಒಂದೂ ಈಡು ಬೇಡ. ದಮ್ಮಯ್ಯ."

ಮಾವ ತಮ್ಮ ಎಡಗೈಯನ್ನು ಮೇಜಿನ ಮೇಲೆ ಇಟ್ಟು, ಅಂಗೈ ಮೇಲೆ ಮಾಡಿ, ಹೊಸದಾಗಿ ಕಂಡವರ ಹಾಗೆ ನೋಡಿದರು. ಬೆರಳುಗಳನ್ನು ಮಡಚಿದರು, ಬಿಡಿಸಿದರು. ಆಯುಷ್ಯವಿಡೀ ಆ ಕೈ ಅಲ್ಲಿತ್ತು, ಅವರ ಮಾವನ ಕೈಯೂ ಅಲ್ಲಿತ್ತು. ಗೊತ್ತಿಲ್ಲದ ಆ ಕಮ್ಮಾರ ಹೊಸೆದ ಒಂದೂ ಸಂದು ಬಿಟ್ಟಿರಲಿಲ್ಲ. ಬೆಲೆಯಿಲ್ಲ ಎಂದ ಕೋವಿ ನಮ್ಮ ಮನೆಯ ಎಷ್ಟು ಕೈಗಳನ್ನು ಉಳಿಸಿಕೊಟ್ಟಿದೆ ಎಂದು ನಾನು ಮನಸ್ಸಿನಲ್ಲೇ ಎಣಿಸಿದೆ.

ವಾಪಸು ಬರುವಾಗ ಮರವಂತೆಯ ಹತ್ತಿರ, ಕಡಲ ಕಡೆ ಮುಖ ಮಾಡಿಕೊಂಡೇ ಮಾವ ಹೇಳಿದರು, "ಹಾಂಗಾರೆ ನಿಂಗೆ ಕೊಡುದ್ ಹ್ಯಾಂಗೆ?"

ಕಾಗದ ನವರಾತ್ರಿಗೆ ಮುಂಚೆಯೇ ನನ್ನ ಹೆಸರಿಗೆ ಬಂತು. ಮಾವ ಮಾತ್ರ ಈಡಿಲ್ಲದೆ ಕೊಟ್ಟರೆ ಕೊಟ್ಟಂತಲ್ಲ, ಸುಮ್ಮನೆ ಠಾಣೆಗೆ ಒಪ್ಪಿಸಿಬಿಡುವ ಎಂದು ಪಟ್ಟು ಹಿಡಿದರು. ಆ ಗೆರೆಗಳನ್ನು ಯಾರೋ ತುಂಡು ಮಾಡುವುದನ್ನು ನೆನೆದರೆ ನನಗೆ ನಿದ್ದೆ ಬರುತ್ತಿರಲಿಲ್ಲ. ಕೋವಿ ಬೇಡವೆನ್ನುತ್ತಿದ್ದವಳು ಈಗ ಅದು ಬೇಕೇ ಬೇಕು ಎನ್ನುವಂತಾಗಿದ್ದೆ.

ಈ ಸಲದ ಆಯುಧಪೂಜೆಗೆ ಯಡ್ತರೆಗೆ ಹೋದೆ. ಅತ್ತೆ ದೀಪಗಳನ್ನು ಮಾತ್ರ ತಿಕ್ಕಿದ್ದರು. ಕೋವಿಗೆ ಎಣ್ಣೆ ಬಟ್ಟೆ ಸವರಿ ಗಂಧ ಇಟ್ಟಿದ್ದರು. "ಕೈ ತುರ್ಸುತ್ ಮಾರಾಯ್ತಿ, ತಿಕ್ದೆ ಇಪ್ಪುಕೆ," ಎಂದರು. ಪೂಜೆ ಮುಗಿದ ಮೇಲೆ ಮಾವ ಕೋವಿ ಎತ್ತಿಕೊಂಡು, ಬಾ ಎಂದೂ ಹೇಳದೆ, ಗದ್ದೆಯಂಚಿನ ಕಡೆ ನಡೆದರು. ನಾನು ಹಿಂದೆ ಹೋದೆ. ಅವರ ಮಾವ ನಿಂತಿದ್ದ ಜಾಗದಲ್ಲಿ ನಿಂತರು. ಕೋವಿಯನ್ನು ಮುರಿದು ನಳಿಗೆ ತೆರೆದರು. ಜೇಬಿನಲ್ಲಿ ತೋಟೆ ಇರಲಿಲ್ಲ. ಅಷ್ಟು ಮಾಡಿದವರಿಗೆ ಮುಂದೇನು ಎಂದು ತೋಚಲಿಲ್ಲ.

"ಹೋಪ, ಮನಿಗ್," ಎಂದು, ಹೊರಲಾರದೆ, ತೆರೆದ ಕೋವಿಯನ್ನು ನನ್ನ ಕೈಗೆ ಕೊಟ್ಟರು.

ಎಣ್ಣೆಯ ವಾಸನೆ ಮೂಗಿಗೆ ಬಂತು. ಹಸಿವಾಗಿತ್ತು ಎಂದು ಹೇಳಲು ನಾಚಿಕೆಯೇನಿಲ್ಲ. ಯೋಚಿಸದೆ ಬಲ ನಳಿಗೆಯ ಹಿಂಬದಿಗೆ ಬಾಯಿಟ್ಟು ಊದಿದೆ. ಫುಸ್ ಎಂದಿತು. ಒಲೆ ಊದುವವಳ ಉಸಿರು ಅದು, ಕೋವಿಗೆ ಸಾಲದು. ತುಟಿ ಬಿಗಿ ಮಾಡಿ, ಹೊಟ್ಟೆಯಿಂದ ಉಸಿರು ತಂದು ಮತ್ತೊಮ್ಮೆ ಊದಿದೆ.

ಭೂಂ.

ಆ ದನಿ ಗದ್ದೆಯ ಮೇಲಿಂದ ಮನೆಯವರೆಗೂ ಹೋಗುವುದನ್ನು ನಾನು ನನ್ನ ಎದೆಯಲ್ಲಿ ಕೇಳಿದೆ. ಮಾವ ಒಳ್ಳೆಯ ಕಿವಿಯನ್ನು ನನ್ನ ಕಡೆ ತಿರುಗಿಸಿ ನಿಂತುಬಿಟ್ಟರು. ಅವರ ಕಣ್ಣು ಒದ್ದೆಯಾಗಿತ್ತು. ನಾವಿಬ್ಬರೂ ಹಾಗೇ ನಿಂತಿರುವಾಗ ಮನೆಯ ಕಡೆಯಿಂದ ಅತ್ತೆಯ ದನಿ ಬಂತು, ಎಷ್ಟೋ ವರ್ಷಗಳ ಹಿಂದಿನ ಅದೇ ರಾಗದಲ್ಲಿ.

"ಹ್ವಾಯ್, ಎಲೆ ಹಾಸಿತ್ತ್, ಬನಿ."

ಮಾವ ಕೋವಿ ವಾಪಸು ಕೇಳಲಿಲ್ಲ. ಎಡಗೈಯನ್ನು ಬಲಗೈಯಲ್ಲಿ ಹಿಡಿದು ಬೆನ್ನ ಹಿಂದೆ ಕಟ್ಟಿಕೊಂಡು, ಊಟಕ್ಕೆ ಹೊರಟವರ ಹಾಗೆ ನನಗಿಂತ ಮುಂದೆ ನಡೆದರು.